ಬ್ಲೋವರ್ ಮೋಟಾರ್ ಕೆಲಸದ ಕ್ರಮದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಬಸವನಗುಡಿ, ಬೆಂಗಳೂರು

ಮಾನ್ಯ ಗ್ರಾಹಕರೇ,

ಕಾರಿನ ಹೀಟರ್ ಮತ್ತು ಎ.ಸಿ.ಯ ಗಾಳಿಯನ್ನು ಒಳಗೆ ದೂಡುವ ಬ್ಲೋವರ್ ಮೋಟಾರ್ ಸವೆದು ಸದ್ದು ಮಾಡತೊಡಗಿದಾಗ, ಅದನ್ನು ಬಿಚ್ಚಿ, ಬುಷ್‌ಗೆ (ಶಾಫ್ಟ್ ತಿರುಗುವ ಲೋಹದ ಬಳೆಗೆ) ಎಣ್ಣೆ ಬಿಟ್ಟು, ಅಗತ್ಯವಿದ್ದರೆ ಕಾರ್ಬನ್ (ಮೋಟಾರ್‌ನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಬದಲಿಸಿ ಮತ್ತೆ ಕೂರಿಸಿಕೊಡುವುದು ನಮ್ಮ ಗ್ಯಾರೇಜಿನಲ್ಲಿ ಬಹಳ ಕಾಲದಿಂದ ನಡೆದುಬಂದ ಪದ್ಧತಿ. ಇನ್ನು ಮುಂದೆ ನಾವು ಹಾಗೆ ಮಾಡುವುದಿಲ್ಲ. ಮೋಟಾರ್ ಸವೆದಿದೆ ಎಂದು ಖಚಿತವಾದರೆ ಹೊಸದನ್ನೇ ಹಾಕುತ್ತೇವೆ. ಗುಜರಿಯಿಂದ ತಂದ ಮೋಟಾರ್‌ಗಳನ್ನೂ ಕೂರಿಸುವುದಿಲ್ಲ. ಇದರಿಂದ ಆ ದಿನದ ಖರ್ಚು ಹೆಚ್ಚಾಗುವುದರಿಂದ ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯ.

ಕಳೆದ ಮಳೆಗಾಲದಲ್ಲಿ ನಾವೇ ಎಣ್ಣೆ ಬಿಟ್ಟು ಕಳುಹಿಸಿದ್ದ ಒಂದು ಕಾರು ಕೆಲವೇ ತಿಂಗಳಲ್ಲಿ ಸುಟ್ಟ ವಾಸನೆಯೊಂದಿಗೆ ಹಿಂದಿರುಗಿತು. ಗ್ಲೌ ಬಾಕ್ಸ್ ತೆಗೆದು ನೋಡಿದರೆ ಫ್ಯಾನ್‌ನ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟುಹೋಗಿತ್ತು, ವೈರ್ ಜೋಡಿಸುವ ಕನೆಕ್ಟರ್‌ನ ಪ್ಲಾಸ್ಟಿಕ್ ಕರಗಿ ಪಿನ್‌ಗಳಿಗೆ ಅಂಟಿಕೊಂಡಿತ್ತು. ಮೋಟಾರ್ ಒಂದಕ್ಕೇ ಮುಗಿಯಬೇಕಾಗಿದ್ದ ಕೆಲಸ ರೆಸಿಸ್ಟರ್ ಮತ್ತು ವೈರಿಂಗ್‌ವರೆಗೂ ಬೆಳೆಯಿತು. ಆ ಗ್ರಾಹಕರಿಂದ ನಾವು ಕೂಲಿ ಪಡೆಯಲಿಲ್ಲ, ಆದರೂ ತಪ್ಪು ನಮ್ಮ ಪದ್ಧತಿಯಲ್ಲೇ ಇತ್ತು ಎಂಬುದು ಅಂದು ನಮಗೆ ಮನದಟ್ಟಾಯಿತು.

ಬ್ಲೋವರ್ ಎನ್ನುವುದು 12 ವೋಲ್ಟ್‌ನಲ್ಲಿ ಓಡುವ ಸಣ್ಣ ಡಿ.ಸಿ. ಮೋಟಾರ್. ಅದರ ಬುಷ್ ಸವೆದರೆ ಶಾಫ್ಟ್ ಅಲುಗಾಡುತ್ತದೆ, ತಿರುಗುವುದು ಬಿಗಿಯಾಗುತ್ತದೆ, ಹಾಗೆ ಬಿಗಿಯಾದ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಆ ಕರೆಂಟ್ ಕೆಳಗಿನ ಸ್ಪೀಡ್‌ಗಳಲ್ಲಿ ರೆಸಿಸ್ಟರ್ ಮೂಲಕವೇ ಹರಿಯುವುದರಿಂದ ರೆಸಿಸ್ಟರ್ ಬಿಸಿಯಾಗುತ್ತದೆ. ರೆಸಿಸ್ಟರ್ ತಣ್ಣಗಿರುವುದು ಅದೇ ಬ್ಲೋವರ್ ಬೀಸುವ ಗಾಳಿಯಿಂದ. ಮೋಟಾರ್ ನಿಧಾನವಾದರೆ, ಅಥವಾ ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೆ, ಆ ಗಾಳಿಯೂ ಕಡಿಮೆಯಾಗುತ್ತದೆ. ಹೊರಗಿನಿಂದ ಬಿಟ್ಟ ಎಣ್ಣೆಯಾದರೋ ಸದ್ದನ್ನು ಕೆಲವು ವಾರ ಅಡಗಿಸುತ್ತದೆ, ಸವೆದ ಲೋಹವನ್ನು ತುಂಬಿಕೊಡುವುದಿಲ್ಲ. ಮೇಲಾಗಿ ಅದು ಧೂಳನ್ನೂ ಕಾರ್ಬನ್ ಪುಡಿಯನ್ನೂ ಹಿಡಿದಿಟ್ಟುಕೊಂಡು ಕಾರ್ಬನ್ ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರ್ ಮೇಲೆ ಜಿಡ್ಡಾಗಿ ಕೂರುತ್ತದೆ.

ಬೆಂಗಳೂರಿನ ಹವೆಯಲ್ಲಿ ಹೀಟರ್ ಯಾರಿಗೆ ಬೇಕು ಎಂದು ಕೆಲವರು ಕೇಳುತ್ತಾರೆ. ಆದರೆ ಎ.ಸಿ.ಗೂ ಹೀಟರ್‌ಗೂ ಗಾಳಿ ಕೊಡುವುದು ಈ ಒಂದೇ ಫ್ಯಾನ್. ಮಳೆಯಲ್ಲಿ ಮುಂದಿನ ಗಾಜಿನ ಒಳಭಾಗಕ್ಕೆ ಹಬೆ ಕಟ್ಟಿದಾಗ ಅದನ್ನು ಬಿಡಿಸುವುದೂ ಇದೇ. ಸಕಲೇಶಪುರದ ಘಾಟಿಯಲ್ಲೋ ಮಡಿಕೇರಿಯ ಮಂಜಿನಲ್ಲೋ ಇದು ನಿಂತುಹೋದರೆ ಅದು ಬರಿಯ ಸೆಕೆಯ ತೊಂದರೆಯಾಗಿ ಉಳಿಯುವುದಿಲ್ಲ, ರಸ್ತೆಯೇ ಕಾಣದಂತಾಗುತ್ತದೆ.

ಸದ್ದು ಬಂದ ಮಾತ್ರಕ್ಕೆ ಮೋಟಾರ್ ಬದಲಿಸುತ್ತೇವೆ ಎಂದು ದಯವಿಟ್ಟು ಭಾವಿಸಬೇಡಿ. ನಮ್ಮ ಬೀದಿಗಳಲ್ಲಿ ಹೊಂಗೆ, ಮಳೆಮರಗಳ ಕೆಳಗೆ ನಿಲ್ಲುವ ಕಾರುಗಳಲ್ಲಿ, ಅದರಲ್ಲೂ ಕ್ಯಾಬಿನ್ ಫಿಲ್ಟರ್ ಇಲ್ಲದ ಮಾದರಿಗಳಲ್ಲಿ, ಒಣಗಿದ ಎಲೆ ಮತ್ತು ಹೂವು ವೈಪರ್ ಕೆಳಗಿನ ಜಾಲರಿಯಿಂದ ಒಳಗಿಳಿದು ಫ್ಯಾನ್‌ಗೆ ತಾಗಿ ಟಕಟಕ ಸದ್ದು ಮಾಡುತ್ತವೆ. ಅದಕ್ಕೆ ಶುಚಿ ಮಾಡಿದರೆ ಸಾಕು. ಬ್ಲೋವರ್ ಅತಿ ಹೆಚ್ಚಿನ ಸ್ಪೀಡ್‌ನಲ್ಲಿ ಮಾತ್ರ ಓಡುತ್ತಿದ್ದರೆ ಬಹುತೇಕ ದೋಷ ರೆಸಿಸ್ಟರ್‌ನಲ್ಲಿರುತ್ತದೆ. ಬೆಳಗ್ಗೆ ಕಡಿಮೆ ಸ್ಪೀಡ್‌ನಲ್ಲಿ ಕಿರುಗುಟ್ಟಿ ಕ್ರಮೇಣ ಸರಿಹೋಗುವುದು ಬುಷ್ ಸವೆದ ಲಕ್ಷಣ. ಡ್ಯಾಶ್‌ಬೋರ್ಡ್ ಕೆಳಗೆ ತಟ್ಟಿದರೆ ಮಾತ್ರ ತಿರುಗುವುದು ಹೆಚ್ಚಾಗಿ ಕಾರ್ಬನ್ ಮುಗಿದ ಲಕ್ಷಣ. ಮೋಟಾರ್ ಬದಲಿಸುವುದು ಈ ಕೊನೆಯ ಎರಡು ಸಂದರ್ಭಗಳಲ್ಲಿ, ಅದೂ ಬಿಚ್ಚಿ ನೋಡಿ, ನಿಮಗೆ ತೋರಿಸಿದ ಮೇಲೆ.

ಹೊಸ ಮೋಟಾರ್‌ಗಳನ್ನು ನಾವು ಜೆ.ಸಿ. ರಸ್ತೆಯ ಅಂಗಡಿಗಳಿಂದ ಬಿಲ್ ಸಮೇತ ತರುತ್ತೇವೆ. ನಿಮ್ಮ ಬಿಲ್‌ನಲ್ಲಿ ಬಿಡಿಭಾಗದ ಬೆಲೆಯೂ ಕೂಲಿಯೂ ಬೇರೆಬೇರೆಯಾಗಿರುತ್ತವೆ. ಹಳೆಯ ಮೋಟಾರ್ ಮತ್ತು ಹೊಸದು ಒಂದೊಂದು ಸ್ಪೀಡ್‌ನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತವೆ ಎಂಬುದನ್ನು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್‌ನಲ್ಲಿ ಅಳೆದು ಬಿಲ್‌ನಲ್ಲೇ ಬರೆಯುತ್ತೇವೆ. ಬಿಸಿಗೆ ಕನೆಕ್ಟರ್ ಬಣ್ಣ ಬದಲಾಗಿದ್ದರೆ ಅದನ್ನು ಹಾಗೆಯೇ ಬಿಟ್ಟು ಹೊಸ ಮೋಟಾರ್ ಜೋಡಿಸುವುದಿಲ್ಲ. ಬಿಚ್ಚಿದ ಹಳೆಯ ಮೋಟಾರ್ ನಿಮ್ಮದು, ನಿಮ್ಮ ಕೈಗೇ ಕೊಡುತ್ತೇವೆ.

ಕಳೆದ 6 ತಿಂಗಳಲ್ಲಿ ನಮ್ಮಲ್ಲಿ ಬ್ಲೋವರ್‌ಗೆ ಎಣ್ಣೆ ಬಿಡಿಸಿಕೊಂಡವರು ಒಮ್ಮೆ ಕಾರು ತನ್ನಿ. ಪರೀಕ್ಷೆಗೆ ಹಣವಿಲ್ಲ, ಮೋಟಾರ್ ಹಾಕಬೇಕಾಗಿ ಬಂದರೆ ಬಿಡಿಭಾಗದ ಬೆಲೆಯನ್ನಷ್ಟೇ ಪಡೆಯುತ್ತೇವೆ. ಹೆಚ್ಚಿನ ಕಾರುಗಳಲ್ಲಿ ಮೋಟಾರ್ ಎಡಬದಿಯ ಗ್ಲೌ ಬಾಕ್ಸ್ ಹಿಂದೆಯೇ ಇರುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚಬೇಕಾದ ಮಾದರಿಗಳಿದ್ದರೆ ಮೊದಲೇ ತಿಳಿಸಿ, ಒಂದು ಇಡೀ ದಿನ ಕಾಯ್ದಿರಿಸುತ್ತೇವೆ. ಬರುವಾಗ ಗ್ಲೌ ಬಾಕ್ಸ್‌ನಲ್ಲಿರುವ ಆರ್.ಸಿ., ವಿಮೆಯ ಕಾಗದ ಮುಂತಾದವನ್ನು ತೆಗೆದು ಜೋಪಾನವಾಗಿಟ್ಟುಕೊಂಡು ಬರಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಪಾಲುದಾರರು ಮತ್ತು ಮೆಕ್ಯಾನಿಕ್‌ಗಳು