ನಾಲ್ಕು-ಎಂಟರ ಪೆಟ್ಟಿಗೆ ಇನ್ನು ಮುಂದೆ ಆರ್ಡರ್ ಕೊಟ್ಟವರಿಗೆ ಮಾತ್ರ

ನಮ್ಮ ಅಂಗಡಿಯ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಹಳೆಯ ಪೋಕರ್ ಲಿಮಿಟ್ ಸೆಟ್ (ನಾಲ್ಕು-ಎಂಟರ ಪೆಟ್ಟಿಗೆ), ಅಂದರೆ 400 ಬಿಳಿ, 100 ಕೆಂಪು ಚಿಪ್ಸ್ ಇರುವ ಪೆಟ್ಟಿಗೆ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ಬೇಕಾದವರು ಮೊದಲೇ ಹೇಳಿದರೆ ತರಿಸಿಕೊಡುತ್ತೇವೆ. ಅದರ ಜಾಗಕ್ಕೆ ಬಿಳಿ, ಕೆಂಪು, ಹಸಿರು, ಕಪ್ಪು ಹೀಗೆ ನಾಲ್ಕು ಬಣ್ಣದ ನೋ-ಲಿಮಿಟ್ ಸೆಟ್, ಅಂದರೆ ಮುಂದಿರುವ ಹಣವನ್ನೆಲ್ಲ ಒಂದೇ ಸಲ ಕಟ್ಟಬಹುದಾದ ಆಟದ ಸೆಟ್, ಬರುತ್ತದೆ. ಬೇ ಏರಿಯಾದಲ್ಲಿ ಶನಿವಾರ ರಾತ್ರಿ ಮನೆಯಲ್ಲಿ ಟೇಬಲ್ ಹಾಕುವ ನಮ್ಮವರಲ್ಲಿ ಹಲವರು ಹಳೆಯ ಪೆಟ್ಟಿಗೆಯನ್ನೇ ಕೇಳಿ ಒಯ್ದವರು. ಕಾರಣ ಹೇಳದೆ ಬದಲಾಯಿಸುವುದು ಸರಿಯಲ್ಲ.

ನಾಲ್ಕು-ಎಂಟು ಲಿಮಿಟ್ ಹೋಲ್ಡೆಮ್ ನೋಡಿ. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್ ಅದು. ಮೊದಲ ಎರಡು ಸುತ್ತಿನಲ್ಲಿ ಬೆಟ್ ಎಂದರೆ ನಾಲ್ಕು ಡಾಲರ್, ಕೊನೆಯ ಎರಡು ಸುತ್ತಿನಲ್ಲಿ ಎಂಟು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಾಮಾನ್ಯವಾಗಿ ಒಂದು ಬೆಟ್, ಮೂರು ರೈಸ್ (ಬೆಟ್ ಏರಿಸುವುದು) ಆದಮೇಲೆ ಆ ಸುತ್ತು ಮುಗಿಯಿತು. ಆರು ಜನ ಫ್ಲಾಪ್ (ನಡುವೆ ತೆರೆಯುವ ಮೊದಲ ಮೂರು ಎಲೆ) ನೋಡಿದರೆ ಅಲ್ಲಿಗೇ ಒಂದೊಂದು ಡಾಲರ್‌ನ 24 ಬಿಳಿ ಚಿಪ್ಸ್ ನಡುವೆ ಬಿದ್ದಿರುತ್ತವೆ. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆ ತೆರೆದಾಗ, ರೈಸ್ ಮೇಲೆ ರೈಸ್ ಬಿದ್ದರೆ ಒಬ್ಬೊಬ್ಬನೇ 32 ತಳ್ಳಬೇಕು. ಆದ್ದರಿಂದಲೇ ಆ ಪೆಟ್ಟಿಗೆಯಲ್ಲಿ ಬಿಳಿಯದೇ ರಾಜ್ಯಭಾರ. ಒಂದು-ಎರಡು ಡಾಲರ್ ಬ್ಲೈಂಡ್‌ನ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ ಹಣ) ನೋ-ಲಿಮಿಟ್‌ನಲ್ಲಿ ಬಿಳಿಗೆ ಕೆಲಸ ಬ್ಲೈಂಡ್ ಕಟ್ಟುವಾಗ ಮಾತ್ರ. ಆಮೇಲೆ ಎಲ್ಲ ಕೆಂಪು, ಹಸಿರು. ತಲೆಗೆ ಹದಿನೈದು ಬಿಳಿ ಇದ್ದರೆ ಧಾರಾಳ. ಹಳೆಯ ಪೆಟ್ಟಿಗೆ ಇಟ್ಟುಕೊಂಡು ಈ ಆಟ ಆಡಿದರೆ ಏನಾಗುತ್ತದೆ ಎಂದು ನೀವೇ ಹೇಳಿದ್ದೀರಿ: ಒಬ್ಬರು ‘ಆಲ್-ಇನ್’ (ಇರುವುದೆಲ್ಲ ಕಟ್ಟಿದೆ) ಅಂದ ಕೂಡಲೇ ಆಟ ನಿಲ್ಲುತ್ತದೆ, ಎಲ್ಲರೂ ಸೇರಿ ನೂರಾ ಮೂವತ್ತೇಳು ಬಿಳಿ ಚಿಪ್ಸ್ ಎಣಿಸುತ್ತಾ ಕೂರಬೇಕು, ಅಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ.

ಹಾಗಾದರೆ ಮೊದಲು ಯಾಕೆ ಲಿಮಿಟ್ ಸೆಟ್ಟೇ ಇಟ್ಟಿದ್ದಿರಿ ಎಂದು ಹೊಸಬರು ಕೇಳುತ್ತಾರೆ. ಮೂವತ್ತು ವರ್ಷದ ಹಿಂದೆ ಲಾಸ್ ವೇಗಸ್‌ನಲ್ಲಾಗಲಿ, ಕ್ಯಾಲಿಫೋರ್ನಿಯಾದ ಕಾರ್ಡ್ ರೂಮ್‌ಗಳಲ್ಲಾಗಲಿ (ಹಣ ಕಟ್ಟಿ ಎಲೆ ಆಡುವ ಮನೆಗಳು) ಹೋಲ್ಡೆಮ್ ಎಂದರೆ ಹೆಚ್ಚಾಗಿ ಲಿಮಿಟ್ಟೇ. ಕ್ಯಾಲಿಫೋರ್ನಿಯಾದಲ್ಲಂತೂ ಬಹಳ ಕಾಲ ಕೈಯ ಎಲೆ ಬದಲಿಸಿಕೊಳ್ಳುವ ಡ್ರಾ ಪೋಕರ್ ಒಂದೇ ನಡೆಯುತ್ತಿತ್ತು. 1987ರಲ್ಲಿ ಕೋರ್ಟಿನಲ್ಲಿ ದಾರಿ ತೆರೆದ ಮೇಲೆಯೇ ಹೋಲ್ಡೆಮ್ ಟೇಬಲ್ಲಿಗೆ ಬಂದದ್ದು. ಕಾರ್ಡ್ ರೂಮಿನವರಿಗೆ ಲಿಮಿಟ್ ಇಷ್ಟವಾಗಲು ಲೆಕ್ಕಾಚಾರದ ಕಾರಣವಿತ್ತು. ಎಲೆ ಹಿಡಿಯಲು ಬಾರದವನೂ ಒಂದು ರಾತ್ರಿ ಪೂರ್ತಿ ಕೂರುತ್ತಾನೆ, ಆಗಾಗ ಗೆಲ್ಲುತ್ತಾನೆ, ಮುಂದಿನ ವಾರ ಮತ್ತೆ ಬರುತ್ತಾನೆ. ನೋ-ಲಿಮಿಟ್‌ನಲ್ಲಿ ಅಂಥವನ ಜೇಬು ಅರ್ಧ ಗಂಟೆಯಲ್ಲಿ ಖಾಲಿ. ಅವನು ಎದ್ದು ಹೋದರೆ ಟೇಬಲ್ಲೇ ಮುರಿಯುತ್ತದೆ.

ನೋ-ಲಿಮಿಟ್ ಆಗ ಉಳಿದಿದ್ದದ್ದು ಮುಖ್ಯವಾಗಿ ಟೂರ್ನಮೆಂಟ್‌ಗಳಲ್ಲಿ. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೋದಲ್ಲಿ 1970ರಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ, ಮೇನ್ ಈವೆಂಟ್, ಅದರ ತವರು. ಆಮೇಲೆ ಟೀವಿಯವರು ಆಟಗಾರರ ಕೈಯೆಲೆ ತೋರಿಸುವ ಪುಟ್ಟ ಕ್ಯಾಮೆರಾ ಇಟ್ಟರು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಟೆನೆಸ್ಸಿಯ ಅಕೌಂಟೆಂಟ್ ಆನ್‌ಲೈನ್ ಸ್ಯಾಟಲೈಟ್‌ನಿಂದ (ದೊಡ್ಡ ಪಂದ್ಯಕ್ಕೆ ಸೀಟು ಗೆಲ್ಲುವ ಸಣ್ಣ ಪಂದ್ಯ) ಸೀಟು ಗಿಟ್ಟಿಸಿ ಮೇನ್ ಈವೆಂಟ್ ಗೆದ್ದು 25 ಲಕ್ಷ ಡಾಲರ್ ಬಾಚಿದ. ಆ ವರ್ಷ ಆಡಿದವರು 839 ಜನ. ಮರುವರ್ಷ 2,576, ಅದರ ಮರುವರ್ಷ 5,619, 2006ರಲ್ಲಿ 8,773. ಟೀವಿ ನೋಡಿ ಬಂದ ಇವರಿಗೆಲ್ಲ ಪೋಕರ್ ಎಂದರೆ ಆಲ್-ಇನ್, ಅಷ್ಟೆ. ಟೀವಿಯ ಹಿಡಿತ ಎಷ್ಟೆಂದರೆ, 2006ರಲ್ಲಿ 50,000 ಡಾಲರ್ ಕಟ್ಟಿ ಆಡುವ ಹಾರ್ಸ್ ಪಂದ್ಯ, ಐದು ಬಗೆಯ ಪೋಕರ್ ಸರದಿಯಲ್ಲಿ ಆಡುವ, ಐದೂ ಲಿಮಿಟ್ ಆಗಿರುವಂಥದ್ದು, ಫೈನಲ್ ಟೇಬಲ್‌ಗೆ ಬಂದಾಗ ನೋ-ಲಿಮಿಟ್ ಹೋಲ್ಡೆಮ್ ಆಗಿಬಿಟ್ಟಿತು!

ನಮ್ಮ ಪ್ರಕಾರ ಲಿಮಿಟ್‌ಗೆ ನಿಜವಾದ ಪೆಟ್ಟು ಕೊಟ್ಟದ್ದು ಟೀವಿಯಲ್ಲ. ಸಣ್ಣ ನೋ-ಲಿಮಿಟ್ ಟೇಬಲ್‌ಗಳಲ್ಲಿ ಇಷ್ಟಕ್ಕಿಂತ ಹೆಚ್ಚು ಹಣ ಇಟ್ಟು ಕೂರುವಂತಿಲ್ಲ ಎಂಬ ಬೈ-ಇನ್ ಮಿತಿ. ಇನ್ನೂರೋ ಮುನ್ನೂರೋ ಡಾಲರ್‌ಗೆ ಗೆರೆ ಎಳೆದ ಮೇಲೆ ಹೊಸಬ ಒಂದೇ ಸಲಕ್ಕೆ ಮುಳುಗುವ ಭಯ ತಪ್ಪಿತು. ಲಿಮಿಟ್ ಇಟ್ಟುಕೊಳ್ಳಲು ಕಾರ್ಡ್ ರೂಮಿನವರಿಗೆ ಇದ್ದ ದೊಡ್ಡ ಕಾರಣವೇ ಹೋಯಿತು.

ಕಾನೂನೇ ಲಿಮಿಟ್ ಅನ್ನು ಉಳಿಸಿದ್ದ ಊರುಗಳೂ ಇದ್ದವು. ಕೊಲೊರಾಡೊದಲ್ಲಿ 1991ರಿಂದ ಒಂದು ಬೆಟ್‌ಗೆ ಐದು ಡಾಲರ್ ಮಿತಿ. 2009ರಲ್ಲಿ ಅದು ನೂರಾಯಿತು. 2021ರಲ್ಲಿ ಮಿತಿ ತೆಗೆಯುವ ಅವಕಾಶ ಸಿಕ್ಕಿತು.

‘ಲಿಮಿಟ್ ಕಂಪ್ಯೂಟರ್ ಲೆಕ್ಕದಂತೆ ಬಿಡಿಸಿಬಿಟ್ಟ ಆಟ, ಇನ್ನೇನು ಆಡೋದು’ ಎಂದು ಒಬ್ಬ ಸಾಫ್ಟ್‌ವೇರ್ ಹುಡುಗ ಕೌಂಟರಿನಲ್ಲಿ ವಾದಿಸಿದ. ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬಿಡಿಸಿದ್ದು ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಅನ್ನು. ಒಂಬತ್ತು ಜನ ಕೂತ ನಿಮ್ಮ ಮನೆಯ ಟೇಬಲ್ಲಿಗೂ ಅದಕ್ಕೂ ಬಹಳ ದೂರ. ಹಾಗೆ ನೋಡಿದರೆ 2017ರಲ್ಲಿ ಲಿಬ್ರಾಟಸ್ ಎಂಬ ಪ್ರೋಗ್ರಾಂ ಇಬ್ಬರ ನೋ-ಲಿಮಿಟ್‌ನಲ್ಲೂ ನಾಲ್ವರು ಪಳಗಿದ ಆಟಗಾರರನ್ನು ಸೋಲಿಸಿತು. ಅದಕ್ಕೆ ಹೆದರಿ ಯಾರೂ ಎಲೆ ಕೆಳಗಿಡಲಿಲ್ಲ.

ಹಿರಿಯ ಗ್ರಾಹಕರಿಗೆ ಲಿಮಿಟ್ ಮೇಲೆ ಪ್ರೀತಿ ಇದೆ, ನಮಗೂ ಇದೆ. ತೀನ್ ಪತ್ತಿಯಲ್ಲಿ ಚಾಲ್‌ಗೆ ಒಂದು ಮಿತಿ ಇರುತ್ತದಲ್ಲ. ಅದನ್ನು ಆಡಿ ಬೆಳೆದವರ ಕೈಗೆ ಲಿಮಿಟ್ ಬೇಗ ಒಗ್ಗುತ್ತದೆ. ಮಾತು, ನಗು, ನಡುವೆ ಒಂದಿಷ್ಟು ಚುರುಮುರಿ, ಕೊನೆಗೆ ಸೋತವರಿಗೂ ಮನೆಯಲ್ಲಿ ಮುಖ ತೋರಿಸುವಷ್ಟೇ ಸೋಲು. ಆದರೆ ಸಾಲಾಗಿ ಕೂತು ದೂಳು ಹಿಡಿಯುವ ಪೆಟ್ಟಿಗೆಗೆ ದುಡ್ಡು ಹಾಕುವ ಶಕ್ತಿ ನಮ್ಮಂಥ ಸಣ್ಣ ಅಂಗಡಿಗಿಲ್ಲ.

ಸ್ಟಡ್, ಒಮಾಹಾ ಹೈ-ಲೋ, ರ್‍ಯಾಜ್ ಎಂಬ ಬೇರೆ ಬಗೆಯ ಪೋಕರ್‌ಗಳನ್ನೆಲ್ಲ ಬೆರೆಸಿ ಲಿಮಿಟ್‌ನಲ್ಲಿ ಆಡುವ ಮನೆಗಳಿಗೆ ಈಗಲೂ ಬಿಳಿಯೇ ಹೆಚ್ಚು ಬೇಕು. ದಯವಿಟ್ಟು ಎರಡು ವಾರ ಮೊದಲು ತಿಳಿಸಿ. ಹಳೆಯ ಸೆಟ್ಟಿಗೆ ಬಿಳಿ ಸೇರಿಸಿಕೊಳ್ಳುವವರು ಈ ತಿಂಗಳೊಳಗೇ ಒಯ್ಯುವುದು ಒಳ್ಳೆಯದು. ಹೊಸ ಲಾಟಿನ ಬಿಳಿ ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗಿದೆ, ಪಕ್ಕದಲ್ಲಿಟ್ಟರೆ ಎದ್ದು ಕಾಣುತ್ತದೆ. ಬಿಳಿ ಬೇಡವಾದವರು ಅಂಚು ಸವೆಯದ 200 ಚಿಪ್ಸ್ ತಂದುಕೊಟ್ಟರೆ ಅಷ್ಟೇ ಹಸಿರು-ಕಪ್ಪು ಕೊಡುತ್ತೇವೆ, ವ್ಯತ್ಯಾಸದ ಹಣ ಕೇಳುವುದಿಲ್ಲ. ಎಲೆಗಳ ಕಟ್ಟು, ಡೀಲರ್ ಬಟನ್, ಟೇಬಲ್ ಬಟ್ಟೆ ಮೊದಲಿನ ಹಾಗೆಯೇ, ಮೊದಲಿನ ಬೆಲೆಗೇ.

ಇತಿ,
ಅಂಗಡಿಯ ಪರವಾಗಿ