ಅಣಬೆ ಪಾಸ್ತಾ ಸಾಸ್‌ಗೆ ಮಾಂಸ ಬೇಕಿಲ್ಲ

ಸಂಪಾದಕರೇ, ಮಾಂಸ ಇಲ್ದೆ ಪಾಸ್ತಾ ಸಾಸ್‌ಗೆ ರುಚಿ ಬರಲ್ಲ ಅಂತ ನಮ್ಮ ಶಿವಮೊಗ್ಗದಲ್ಲೂ ಎಷ್ಟೋ ಜನ ಹೇಳ್ತಾರೆ, ಅದು ಖಂಡಿತ ಸರಿಯಲ್ಲ. ಅಣಬೇಲಿ ಗ್ಲುಟಮೇಟ್ ಇದೆ, ಮಾಂಸದಂಥ ರುಚಿ ಕೊಡೋದು ಅದೇ, ಆದ್ರೆ ಶೇ. 90ರಷ್ಟು ನೀರೇ ಇರೋದ್ರಿಂದ ಪೂರ್ತಿ ಪ್ಯಾಕೆಟ್ ಒಟ್ಟಿಗೇ ಬಾಣಲೆಗೆ ಸುರಿದ್ರೆ ಬೆಂದು ಮೆತ್ತಗಾಗುತ್ತೆ ಅಷ್ಟೇ. ದೊಡ್ಡ ಉರೀಲಿ ಸ್ವಲ್ಪ ಸ್ವಲ್ಪನೇ ಹಾಕಿ, ಸುಮ್ನೆ ಕೈಯಾಡಿಸ್ತಾ ಇರದೆ, ನೀರೆಲ್ಲ ಇಂಗಿ ಅಂಚು ಕಂದು ಬಣ್ಣಕ್ಕೆ ಬಂದ್ಮೇಲೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ನಮ್ಮ ಮಲೆನಾಡಿನ ಕಾಳುಮೆಣಸು ಕುಟ್ಟಿ ಹಾಕಿ. ಕ್ರೀಮ್ ಬದಲು ನೆನೆಸಿದ ಗೋಡಂಬಿ ರುಬ್ಬಿ ಹಾಕಿದ್ರೆ ಸಾಕು. ಪಾಸ್ತಾ ಬೇಯಿಸಿದ ನೀರು ಚೆಲ್ಲಬೇಡಿ, ಅದ್ರ ಪಿಷ್ಟದಿಂದಲೇ ಸಾಸ್ ಅಂಟೋದು. ಮಳೆಗಾಲದಲ್ಲಿ ತೋಟದಲ್ಲಿ ಏಳೋ ಅಣಬೆ ಮಾತ್ರ ಗುರುತು ಬಲ್ಲೋರಿಗೆ ತೋರಿಸದೆ ದಯವಿಟ್ಟು ಹಾಕ್ಬೇಡಿ. ಇಂಥ ಅಡುಗೆನೂ ಪುರವಣೀಲಿ ಹಾಕಿ ಸರ್.

– ಓದುಗರೊಬ್ಬರು, ಶಿವಮೊಗ್ಗ