ಬಿಸಿಲೂರಿನ ಐಸ್ ಹಾಕಿ

ಫೀನಿಕ್ಸ್ ಕನ್ನಡಿಗರ ಈ ಪತ್ರಿಕೆ ನಾಳೆ ಬೆಳಿಗ್ಗೆ ಹೋಗಬೇಕು. ಸಂಪಾದಕೀಯದ ಜಾಗ ಖಾಲಿ ಇರುವಾಗ ಕನ್ನಡ ಶಾಲೆಯ ಮಗುವೊಂದು ಕೇಳಿದ ಪ್ರಶ್ನೆ ಕೈಗೆ ಬಂತು: "ಕೊಯೋಟೀಸ್ ಟೀಮ್ ಯಾಕೆ ಫೀನಿಕ್ಸ್ ಬಿಟ್ಟು ಹೋಯ್ತು?"

ಕೊಯೋಟೀಸ್ ಎಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡುತ್ತಿದ್ದ ನಮ್ಮೂರಿನ ತಂಡ. ಮರುಭೂಮಿಯಲ್ಲಿ ಐಸ್ ಹಾಕಿ ಯಾರಿಗೆ ಬೇಕು ಎಂದು ದೊಡ್ಡವರು ಉತ್ತರಿಸಿಬಿಡುತ್ತಾರೆ. ಲಾಸ್ ವೇಗಸ್ಸೂ ಮರುಭೂಮಿಯೇ. ಅಲ್ಲಿನ ಗೋಲ್ಡನ್ ನೈಟ್ಸ್ 2017ರಲ್ಲಿ ಆಡಲು ಶುರುಮಾಡಿ ಮೊದಲ ವರ್ಷವೇ ಫೈನಲ್ ತಲುಪಿತು, 2023ರಲ್ಲಿ ಲೀಗಿನ ಟ್ರೋಫಿಯಾದ ಸ್ಟಾನ್ಲಿ ಕಪ್ ಗೆದ್ದಿತು. ಫ್ಲೋರಿಡಾದ ಟ್ಯಾಂಪಾ ಮೂರು ಸಲ ಗೆದ್ದಿದೆ. ಬಿಸಿಲನ್ನು ದೂರಿ ಪ್ರಯೋಜನವಿಲ್ಲ.

ನಮ್ಮಲ್ಲಿ ಕೆಟ್ಟದ್ದು ಮೈದಾನದ ವಿಷಯ. 1996ರಲ್ಲಿ ಕೆನಡಾದ ವಿನಿಪೆಗ್‌ನಿಂದ ಬಂದ ತಂಡವನ್ನು ಬಾಸ್ಕೆಟ್‌ಬಾಲ್‌ಗೆಂದು ಕಟ್ಟಿದ ಕ್ರೀಡಾಂಗಣದಲ್ಲಿ ಇಳಿಸಿದರು. ಐಸ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಬಾಸ್ಕೆಟ್‌ಬಾಲ್ ಅಂಕಣ 94 ಅಡಿ ಅಷ್ಟೇ. ಹಾಗಾಗಿ ಒಂದು ತುದಿಯ ಹಲವು ಸೀಟುಗಳಿಂದ ಹತ್ತಿರದ ಗೋಲೇ ಕಾಣುತ್ತಿರಲಿಲ್ಲ. 2003ರ ಕೊನೆಗೆ ಗ್ಲೆಂಡೇಲ್‌ನಲ್ಲಿ ಹೊಸ ಕ್ರೀಡಾಂಗಣ ಸಿಕ್ಕಿತು, ಆದರೆ ಅದು ಊರಿನ ಪಶ್ಚಿಮ ಅಂಚು. ಇನ್ನೊಂದು ತುದಿಯ ಚಾಂಡ್ಲರ್, ಗಿಲ್ಬರ್ಟ್ ಕಡೆಯವರು ವಾರದ ನಡುವೆ ಕೆಲಸ ಮುಗಿಸಿ, ಮಕ್ಕಳನ್ನು ಕರೆದುಕೊಂಡು, ಸಂಜೆ ಏಳಕ್ಕೆ ಅಲ್ಲಿರುವುದು ಹೇಗೆ? 2009ರಲ್ಲಿ ದಿವಾಳಿ ಅರ್ಜಿ. ಆಮೇಲೆ 2013ರವರೆಗೆ ಲೀಗೇ ತಂಡದ ಒಡೆಯ. ನಾಳೆ ಇರುತ್ತದೋ ಇಲ್ಲವೋ ಎನ್ನುವ ತಂಡದ ಸೀಸನ್ ಟಿಕೆಟ್ ಯಾರು ಕೊಳ್ಳುತ್ತಾರೆ? 2012ರಲ್ಲಿ ವೆಸ್ಟರ್ನ್ ಕಾನ್ಫರೆನ್ಸ್, ಅಂದರೆ ಲೀಗಿನ ಪಶ್ಚಿಮ ಗುಂಪಿನ, ಫೈನಲ್ ತಲುಪಿದ್ದೂ ಆ ಸಂಶಯವನ್ನು ಅಳಿಸಲಿಲ್ಲ. 2022ರಲ್ಲಿ ಟೆಂಪಿಯ ವಿಶ್ವವಿದ್ಯಾಲಯದ ಸುಮಾರು ಐದು ಸಾವಿರ ಸೀಟಿನ ಮಲೆಟ್ ಅರೀನಾಕ್ಕೆ ಬಂದರು. ಸ್ವಂತ ಕ್ರೀಡಾಂಗಣದ ಯೋಜನೆಯನ್ನು 2023ರ ಮೇ ತಿಂಗಳಲ್ಲಿ ಟೆಂಪಿ ಮತದಾರರು ತಿರಸ್ಕರಿಸಿದರು. 2024ರ ಏಪ್ರಿಲ್ 17ರಂದು ಎಡ್ಮಂಟನ್ ವಿರುದ್ಧ 5-2ರಿಂದ ಗೆದ್ದು, ಆಟಗಾರರು ಸಾಲ್ಟ್ ಲೇಕ್ ಸಿಟಿಗೆ ಹೋದರು.

ಹಾಗೆಂದು ಬೇರು ಬಿಟ್ಟೇ ಇರಲಿಲ್ಲ ಎನ್ನುವಂತಿಲ್ಲ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2016ರಲ್ಲಿ, ಮೊದಲನೆಯವನಾಗಿ ಆಯ್ಕೆಯಾದ ಆಸ್ಟನ್ ಮ್ಯಾಥ್ಯೂಸ್ ಸ್ಕಾಟ್ಸ್‌ಡೇಲ್‌ನಲ್ಲಿ ಬೆಳೆದ ಹುಡುಗ. ಟೆಕ್ಸಾಸ್‌ನ ಡಲ್ಲಾಸ್ ತಂಡ ಉಪನಗರಗಳಲ್ಲೂ ರಿಂಕ್ ತೆರೆದು ಮಕ್ಕಳನ್ನು ಐಸ್ ಮೇಲೆ ನಿಲ್ಲಿಸಿದ್ದೂ ಇಂಥ ಬೇರು ಬಿಡಲೆಂದೇ. ಇದು ನಮಗೆ ಹೊಸ ಪಾಠವಲ್ಲ. ಕೊಡವ ಕೌಟುಂಬಿಕ ಹಾಕಿ ನೆನಪಿದೆಯಲ್ಲ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದಾಗ 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360. ಮನೆತನದ ಹೆಸರಿನಲ್ಲೇ ತಂಡ, ವರ್ಷಕ್ಕೊಂದು ಕುಟುಂಬದ ಆತಿಥ್ಯ, ಹೆಂಗಸರು ಗಂಡಸರು ಒಂದೇ ತಂಡದಲ್ಲಿ. ಬೇಸಿಗೆ ರಜೆ, ಮೈದಾನದ ಕೆಂಪು ಧೂಳು, ಗ್ಯಾಲರಿಯಲ್ಲಿ ಅಜ್ಜಿಯರ ಕೂಗು. ಅಲ್ಲಿ ಪ್ರೇಕ್ಷಕರನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಡುತ್ತಿರುವವರು ಅವರ ಮನೆಯವರೇ.

ಪ್ರಕಟಣೆಗಳು, ಜಾಗ ಕಡಿಮೆ: ರಾಜ್ಯೋತ್ಸವದ ನಾಟಕಕ್ಕೆ ಹೆಸರು ಕೊಡಲು ಈ ಭಾನುವಾರ ಕೊನೆ. ಊಟದ ಕೂಪನ್ ಮುಂಚೆಯೇ ತೆಗೆದುಕೊಳ್ಳಿ, ಬಾಗಿಲಲ್ಲಿ ಸಿಗುವುದಿಲ್ಲ. ಕನ್ನಡ ಶಾಲೆಗೆ ದೀಪಾವಳಿ ವಾರ ರಜೆ. ದೀಪಾವಳಿ ಮುಗಿದ ಮೇಲೆ ಮಕ್ಕಳ ಸ್ಕೇಟಿಂಗ್ ದಿನ.

ಸ್ಕೇಟಿಂಗ್‌ಗೆ ಬರುವವರು ಗಮನಿಸಿ. ಸ್ಕೇಟ್ ಸಾಮಾನ್ಯವಾಗಿ ಶೂಗಿಂತ ಒಂದರಿಂದ ಒಂದೂವರೆ ಸೈಜ್ ಚಿಕ್ಕದಿರಬೇಕು. ದೊಡ್ಡದಾದರೆ ಹಿಮ್ಮಡಿ ಮೇಲೇಳುತ್ತದೆ, ಕಣಕಾಲು ಒಳಕ್ಕೆ ವಾಲುತ್ತದೆ, ಮಗು ಹತ್ತು ನಿಮಿಷಕ್ಕೆ ಸಾಕೆನ್ನುತ್ತದೆ. ಒಂದೇ ಜೊತೆ ತೆಳು ಕಾಲುಚೀಲ ಸಾಕು. ಲೇಸನ್ನು ಬೆರಳ ಕಡೆ ಸಡಿಲ, ಕಣಕಾಲಲ್ಲಿ ಬಿಗಿ ಮಾಡಿ. ಹೆಲ್ಮೆಟ್, ಕೈಗವಸು ಕಡ್ಡಾಯ. ಮೊದಲು ಬೀಳುವುದನ್ನು ಕಲಿಸಿ: ಮಂಡಿ ಬಗ್ಗಿಸಿ ಪಕ್ಕಕ್ಕೆ.

ಹೊಸಬರು ಪಂದ್ಯ ನೋಡುವಾಗ ಗಾಜಿನ ಪಕ್ಕದ ಸೀಟಿಗಿಂತ ಎತ್ತರದ್ದು ಹಿಡಿಯಿರಿ. ಚೆಂಡಿನ ಬದಲು ಬಳಸುವ ಮೂರಿಂಚಿನ ರಬ್ಬರ್ ಬಿಲ್ಲೆ, ಪಕ್, ಅದರ ಹಿಂದೆ ಕಣ್ಣು ಓಡಿಸಿದರೆ ಸುಸ್ತಾಗುತ್ತದೆ, ಆಟಗಾರರ ಚಲನೆ ನೋಡಿ. ಪೆನಾಲ್ಟಿಯಾದವನು ಕಬಡ್ಡಿಯಲ್ಲಿ ಔಟಾದವನಂತೆ ಹೊರಗೆ ಕೂರುತ್ತಾನೆ, ಸಾಮಾನ್ಯವಾಗಿ ಎರಡು ನಿಮಿಷ. ಆಗ ಗೋಲ್‌ಕೀಪರ್‌ಗಳನ್ನು ಬಿಟ್ಟು ಐವರ ಎದುರು ನಾಲ್ವರು. ಆ ಐವರು ಗೋಲ್ ಹೊಡೆದರೆ ಅವನು ಬೇಗ ಒಳಗೆ ಬರುತ್ತಾನೆ. ಮಲೆಟ್‌ನಲ್ಲಿ ವಿಶ್ವವಿದ್ಯಾಲಯದ ತಂಡ ಈಗಲೂ ಆಡುತ್ತಿದೆ, ಚಾಂಡ್ಲರ್‌ನಿಂದ ದೂರವೇನಿಲ್ಲ.

ಇಷ್ಟಕ್ಕೆಲ್ಲ ಜನ ಬೇಕು. ಸ್ಕೇಟಿಂಗ್ ದಿನ ಲೇಸ್ ಕಟ್ಟಲು ಆರು ಮಂದಿ, ಪುಟ್ಟ ಮಕ್ಕಳ ಜೊತೆ ಐಸ್ ಮೇಲೆ ನಿಲ್ಲಬಲ್ಲ ಇಬ್ಬರು. ಚಿಕ್ಕದಾದ ಹೆಲ್ಮೆಟ್ ಮನೆಯಲ್ಲಿದ್ದರೆ ಕೊಡಿ. ಈ ಪತ್ರಿಕೆಯ ಕರಡು ತಿದ್ದಲು ಕೂಡ ಒಬ್ಬರು ದಯವಿಟ್ಟು ಮುಂದೆ ಬನ್ನಿ, ಒಬ್ಬರ ಕೈಯಲ್ಲಿ ಇನ್ನು ಆಗುತ್ತಿಲ್ಲ. ಭಾನುವಾರ ಶಾಲೆ ಬಿಟ್ಟ ಮೇಲೆ ಬಾಗಿಲ ಪಕ್ಕದ ಮೇಜಿನ ಬಳಿ ಹೆಸರು ಬರೆಸಿ.